ಕೊಳೆರೋಗವೇ ಖಳನಾಯಕನಾದ ಕಾಮಿಕ್ಸ್

ನಮ್ಮ ಮನೆಯ ಅಟ್ಟದ ಮೇಲಿನ ಟ್ರಂಕಿನಲ್ಲಿ ಇಂದಿಗೂ ಇರುವ ಹಳೆಯ ಕಾಮಿಕ್ಸ್‌ಗಳಲ್ಲಿ ರಾಜರಿದ್ದಾರೆ, ಋಷಿಗಳಿದ್ದಾರೆ, ಡೆಂಕಾಲಿ ಕಾಡಿನ ಫ್ಯಾಂಟಮ್ ಇದ್ದಾನೆ, ಬಾಲಮಂಗಳದ ಡಿಂಗನೂ ಇದ್ದಾನೆ. ಆದರೆ ಬೆಳಗಿನಿಂದ ಸಂಜೆಯವರೆಗೆ ಒಂದು ಕಸುಬು ಮಾಡುತ್ತ, ಆ ಕಸುಬಿನ ಪೇಚಾಟದಿಂದಲೇ ಕಥೆಯಾಗುವ ಮನುಷ್ಯ ಒಬ್ಬನೂ ಇಲ್ಲ. ತೀರ್ಥಹಳ್ಳಿ ಸೀಮೆಯ ನಮ್ಮೂರಿನಲ್ಲಿ ಆ ಟ್ರಂಕಿನ ಪುಸ್ತಕಗಳನ್ನು ಕೇಳಿದವರಿಗೆಲ್ಲ ಎರವಲು ಕೊಡುತ್ತ ಬಂದಿದ್ದೇನೆ. ಅವರು ಹಿಂದಿರುಗಿಸಲು ಬಂದಾಗ, ಇದರಲ್ಲಿ ಇಲ್ಲದ ಯಾವ ಬಗೆಯ ಕಥೆ ಓದುವ ಆಸೆಯಿದೆ ಎಂದು ವಿಚಾರಿಸುವುದು ನನ್ನ ಅಭ್ಯಾಸ. ಯಕ್ಷಗಾನ ಮೇಳದ ತಿರುಗಾಟದ ಕಥೆ ಬೇಕೆಂದವರಿದ್ದಾರೆ, ಕೋರ್ಟಿನ ವ್ಯಾಜ್ಯದ ಕಥೆ ಬೇಕೆಂದವರಿದ್ದಾರೆ. ಸಾಗರದ ಕಡೆಯಿಂದ ಬಂದ ನೆಂಟರೊಬ್ಬರು, 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ಕಣಿವೆಯ ಊರುಗಳು ನೀರಿನಡಿ ಹೋದದ್ದನ್ನು ಇದುವರೆಗೆ ಯಾರೂ ಯಾಕೆ ಚಿತ್ರಕಥೆ ಮಾಡಲಿಲ್ಲ ಎಂದು ನನ್ನನ್ನೇ ತಪ್ಪಿತಸ್ಥನಂತೆ ಕೇಳಿದರು. ಜಪಾನಿನಲ್ಲಿ ಅಡುಗೆ, ಮೀನುಗಾರಿಕೆ, ಬೇಸಾಯಗಳನ್ನೇ ವಸ್ತುವಾಗಿಸಿಕೊಂಡ ಕಾಮಿಕ್ಸ್‌ಗಳನ್ನು ದೊಡ್ಡವರೂ ಕೂತು ಓದುತ್ತಾರೆಂದು ನನಗೆ ಗೊತ್ತಿತ್ತು. ನನ್ನ ಕೈಗೆಟಕುವ ಕಸುಬು ಅಡಿಕೆ ತೋಟದ್ದು. ಹಾಗಾಗಿ ಮಳೆಗಾಲದಲ್ಲಿ ಎಳೆಯ ಅಡಿಕೆಕಾಯಿಗಳನ್ನು ಕೊಳೆಸಿ ಉದುರಿಸುವ ಕೊಳೆರೋಗವನ್ನು ಆರಿಸಿಕೊಂಡೆ.

ಮೊದಲ ಕರಡಿನಲ್ಲಿ ನನಗೆ ಧೈರ್ಯ ಸಾಲಲಿಲ್ಲ. ಬರೀ ತೋಟದ ಕೆಲಸವನ್ನು ಯಾರು ಓದುತ್ತಾರೆಂಬ ಅಳುಕಿನಿಂದ ತೋಟದ ಮೂಲೆಯಲ್ಲೊಂದು ದೆವ್ವವನ್ನು ಕೂರಿಸಿದ್ದೆ. ರೋಗವನ್ನು ತರುವ ಸೂಕ್ಷ್ಮಜೀವಿ ಫೈಟಾಫ್ತೊರಾಕ್ಕೆ ಎರಡು ಕಣ್ಣು, ಒಂದು ಸಾಲು ಹಲ್ಲು ಬರೆದಿದ್ದೆ. ಕೃಷಿ ಡಿಪ್ಲೊಮಾ ಓದುತ್ತಿದ್ದ ನೆರೆಮನೆಯ ಹುಡುಗಿ ಅದನ್ನು ನೋಡಿ, ಇದು ಟೂತ್‌ಪೇಸ್ಟ್ ಜಾಹೀರಾತಿನ ಕ್ರಿಮಿಯಂತಿದೆ ಎಂದು ನಕ್ಕು, ಅದರ ಬೀಜಕಗಳಿಗೆ ನಿಜವಾಗಿ ಇರುವುದು ಹಲ್ಲಲ್ಲ, ಎರಡು ಬಾಲ, ಆ ಬಾಲಗಳಿಂದ ಅವು ನೀರಿನಲ್ಲಿ ಈಜುತ್ತವೆ ಎಂದು ತನ್ನ ಪುಸ್ತಕ ತೆರೆದು ತೋರಿಸಿದಳು. ಕಾಯಿಯ ತೊಟ್ಟಿನ ಬಳಿ ನಿಂತ ಒಂದು ಹನಿ ನೀರು ಅವಕ್ಕೆ ಸಾಕಂತೆ. ಆ ಹನಿಯನ್ನು ಒಂದು ಇಡೀ ಪುಟದಷ್ಟು ದೊಡ್ಡದಾಗಿ ಬರೆದು, ಒಳಗೆ ಬಾಲ ಆಡಿಸುವ ಬೀಜಕಗಳನ್ನು ತುಂಬಿದ ಮೇಲೆ ದೆವ್ವ ತಾನಾಗಿಯೇ ಕೆಲಸವಿಲ್ಲದೆ ಹೊರಟುಹೋಯಿತು. ರಾತ್ರಿ ಮಳೆಯ ನಡುವೆ ಕೊಳೆತ ಕಾಯಿ ತರಗೆಲೆಯ ಮೇಲೆ ಬೀಳುವ ‘ಟಪ್’ ಎಂಬ ಸದ್ದು, ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ‘ಟಪ್’, ಹಾಸಿಗೆಯಲ್ಲಿ ಕಣ್ಣು ಬಿಟ್ಟು ಎಣಿಸುತ್ತಿರುವ ತೋಟದ ಯಜಮಾನ: ಇದಕ್ಕಿಂತ ಹೆಚ್ಚಿನ ಭಯವನ್ನು ಯಾವ ದೆವ್ವದ ಕೈಯಲ್ಲಿ ಮಾಡಿಸಲಿ?

ಅಧ್ಯಾಯಗಳಿಗೆ ಮಳೆ ನಕ್ಷತ್ರಗಳ ಹೆಸರನ್ನೇ ಇಟ್ಟೆ. ಮೃಗಶಿರಾದಿಂದ ಆರಂಭವಾಗಿ ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷದವರೆಗೆ ಐದು ಅಧ್ಯಾಯ. ‘ಆಶ್ಲೇಷ ಮಳೆ ಈಸಲಾರದ ಹೊಳೆ’ ಎಂಬ ಗಾದೆಯನ್ನು ಬಲ್ಲ ನಮ್ಮವರಿಗೆ ಕೊನೆಯ ಅಧ್ಯಾಯದ ಹೆಸರು ಕಂಡೊಡನೆ ಎದೆ ಸ್ವಲ್ಪ ಭಾರವಾಗುತ್ತದೆ. ಕಥೆಗಾರನಿಗೆ ಅದು ಪುಕ್ಕಟೆಯಾಗಿ ಸಿಕ್ಕ ಲಾಭ. ರೋಗ ತಡೆಯುವ ಔಷಧಿಯ ಮೊದಲ ಸಿಂಪರಣೆ ಮಳೆಗಾಲ ಹಿಡಿಯುವ ಮುನ್ನ ಆಗಬೇಕು, ಎರಡನೆಯದು ಅದಾಗಿ ನಲವತ್ತು, ನಲವತ್ತೈದು ದಿನಕ್ಕೆ, ಅಂದರೆ ಮಳೆ ಜೋರಾಗಿರುವಾಗಲೇ. ಪಾಚಿ ಹಿಡಿದು ಜಾರುವ ಮರವನ್ನು ಹತ್ತಬೇಕಾದರೂ, ಹೊಡೆದ ಔಷಧಿ ಕೊನೆಯ (ಅಡಿಕೆ ಗೊನೆಯ) ಮೇಲೆ ಒಣಗಬೇಕಾದರೂ ಮಳೆ ಹೊಳವಾಗಬೇಕು, ಅಂದರೆ ನಿಂತು ಬಿಡುವು ಕೊಡಬೇಕು. ಆದ್ದರಿಂದ ನನ್ನ ಕಥೆಯ ಮುಖ್ಯ ಘಟ್ಟದಲ್ಲಿ ಹೊಡೆದಾಟವಿಲ್ಲ. ಆರು ಪುಟಗಳಲ್ಲಿ ನಾಲ್ಕು ಜನ ಜಗಲಿಯ ಮೇಲೆ ಕುಳಿತು ಆಕಾಶ ನೋಡುತ್ತಾರೆ, ಎಲೆಯಡಿಕೆಯ ಕವಳ ಹಾಕುತ್ತಾರೆ, “ಎಂತ ಮಾರಾಯ, ಇವತ್ತೂ ಹೊಳವಾಗ್ಲಿಲ್ಲ” ಎನ್ನುತ್ತಾರೆ. ಈ ಆರು ಪುಟಗಳನ್ನು ಎರಡಕ್ಕೆ ಇಳಿಸಲು ಹೇಳಿದವರ ಮಾತನ್ನು ನಾನು ಕೇಳಲಿಲ್ಲ, ಕೇಳದಿದ್ದದ್ದೇ ಸರಿ ಎಂದು ಈಗಲೂ ಅನಿಸುತ್ತದೆ.

ಮಳೆಯನ್ನು ಬರೆಯುವುದು ನನಗೆ ಎಲ್ಲಕ್ಕಿಂತ ಹೆಚ್ಚು ಸಮಯ ತೆಗೆದುಕೊಂಡಿತು. ಪ್ರತಿ ಚೌಕಟ್ಟಿನ ಮೇಲೂ ಓರೆಗೆರೆ ಎಳೆಯುತ್ತ ಹೋದಾಗ ಪುಟವೆಲ್ಲ ಬೂದುಬಣ್ಣಕ್ಕೆ ತಿರುಗಿ, ಮನುಷ್ಯರೂ ಮಾತೂ ಅದರಲ್ಲಿ ಕರಗಿಹೋದವು. ಆಮೇಲೆ ಮಳೆಯ ಗೆರೆಯನ್ನು ಸೂರಿನಿಂದಾಚೆಗೆ ಮಾತ್ರ ಉಳಿಸಿಕೊಂಡು, ಉಳಿದೆಡೆ ಕಂಬಳಿಕೊಪ್ಪೆಯ ಅಂಚಿನಿಂದ ಇಳಿಯುವ ನೀರು, ಅಡಿಕೆ ದಬ್ಬೆಯ ತುದಿಯಿಂದ ಧುಮುಕುವ ನೀರು, ಒಲೆಯ ಮೇಲೆ ಒಣಗದೆ ನೇತಾಡುವ ಬಟ್ಟೆಗಳಿಂದಲೇ ಮಳೆಯನ್ನು ಕಾಣಿಸಿದೆ. ಸದ್ದಿನ ವಿಷಯದಲ್ಲಿ ಕನ್ನಡದ ಅನುಕರಣ ಪದಗಳು ದೊಡ್ಡ ಆಸ್ತಿ: ಜಿಟಿಜಿಟಿ, ಧೋ, ಪಟಪಟ ಇವು ಮೂರು ಬೇರೆ ಬೇರೆ ಮಳೆಗಳು. ಆದರೆ ಮಾತಿನ ಗುಳ್ಳೆಗಳು ನನ್ನನ್ನು ಸತಾಯಿಸಿದವು. ಒಂದು ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗಿ ‘ಮದ್ದು’ ಎಂಬುದನ್ನೇ ಓದಲಾಗದಂತೆ ಆದ ಮೇಲೆ, ಸಾಲುಗಳ ನಡುವೆ ಒಂದೂವರೆ ಪಟ್ಟು ಜಾಗ ಬಿಟ್ಟು, ಗುಳ್ಳೆಗಳನ್ನು ಅಗಲ ಮಾಡಿ, ಮಾತುಗಳನ್ನೇ ಕಡಿಮೆ ಮಾಡಬೇಕಾಯಿತು.

ಇತಿಹಾಸದ ಭಾಗವನ್ನು ಬೇಗ ಮುಗಿಸಿದ್ದೇನೆ. ಫ್ರಾನ್ಸಿನ ಬೋರ್ಡೋ ಪ್ರಾಂತ್ಯದಲ್ಲಿ ದಾರಿಬದಿಯ ದ್ರಾಕ್ಷಿಯನ್ನು ಕಳ್ಳರಿಂದ ಉಳಿಸಲು ಮೈಲುತುತ್ತ (ತಾಮ್ರದ ಸಲ್ಫೇಟ್) ಮತ್ತು ಸುಣ್ಣವನ್ನು ಬಳಿಯುತ್ತಿದ್ದರು. ಆ ಬಳ್ಳಿಗಳಿಗೆ ರೋಗ ತಗಲದಿರುವುದನ್ನು ಗಮನಿಸಿದ ಮಿಲಾರ್ಡೆ ಎಂಬ ಸಸ್ಯಶಾಸ್ತ್ರಜ್ಞರು 1885ರಲ್ಲಿ ಅದನ್ನು ಪ್ರಕಟಿಸಿದರು. ಕೆನಡಾದವರಾದ ಲೆಸ್ಲಿ ಕೋಲ್ಮನ್ 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದು ಕೊಳೆರೋಗವನ್ನು ಅಧ್ಯಯನ ಮಾಡಿ, ಅದೇ ದ್ರಾವಣವನ್ನು ಅಡಿಕೆಗೆ ಹೊಡೆಯುವುದನ್ನು ರೂಢಿಗೆ ತಂದರು. ಅದಕ್ಕೆ ಮೊದಲು ನಮ್ಮ ಹಿರಿಯರು ಕೊನೆಗಳಿಗೆ ಕೊಟ್ಟೆ ಎಂಬ ಹೊದಿಕೆ ಕಟ್ಟಿ ಮಳೆಯಿಂದ ಕಾಪಾಡುತ್ತಿದ್ದರು. ಕಳ್ಳರ ಕಥೆಗೆ ಒಂದು ಇಡೀ ಅಧ್ಯಾಯ ಕೊಡುವ ಆಸೆಯಿತ್ತು. ಆದರೆ ಬೋರ್ಡೋಗೆ ಹೋದ ಓದುಗ ಮತ್ತೆ ತೋಟಕ್ಕೆ ಮರಳುವಷ್ಟರಲ್ಲಿ ಮಳೆಯ ಬಿಗಿ ಸಡಿಲವಾಗುತ್ತಿತ್ತು, ಹೀಗಾಗಿ ಎರಡೂ ಸೇರಿ ಎರಡೇ ಪುಟ.

ನಾನು ಎಡವಿದ್ದು ದ್ರಾವಣ ತಯಾರಿಸುವ ಪುಟದಲ್ಲಿ. ಒಂದು ಕಿಲೋ ಮೈಲುತುತ್ತವನ್ನು ಐವತ್ತು ಲೀಟರ್ ನೀರಿನಲ್ಲಿ ಕರಗಿಸಬೇಕು, ಒಂದು ಕಿಲೋ ಸುಣ್ಣವನ್ನು ಇನ್ನೈವತ್ತು ಲೀಟರಿನಲ್ಲಿ ಕದಡಬೇಕು, ಆಮೇಲೆ ಎರಡನ್ನೂ ಕೂಡಿಸಬೇಕು. ಅಳತೆ, ಕ್ರಮ ಎಲ್ಲವೂ ಸರಿಯಾಗಿತ್ತು. ಮುನ್ನೂರು ಪ್ರತಿ ಅಚ್ಚಾಗಿ ಬಂದ ಮಾರನೆಯ ದಿನ, ಐವತ್ತು ವರ್ಷ ತೋಟ ಮಾಡಿದ ಹಿರಿಯರೊಬ್ಬರು ಆ ಪುಟವನ್ನು ಕಣ್ಣಿನ ಹತ್ತಿರ ಹಿಡಿದು, “ಇದು ಕಬ್ಬಿಣದ ಬಕೆಟ್ಟಲ್ಲವಾ? ಇದರಲ್ಲಿ ಮೈಲುತುತ್ತ ಕರಗಿಸಿದರೆ ತಾಮ್ರವೆಲ್ಲ ಬಕೆಟ್ಟಿಗೇ ಹತ್ತುತ್ತದೆ, ಮರಕ್ಕೆ ಎಂತ ಹೋಗ್ತದೆ?” ಎಂದರು. ಹಳೆಯ ಬಕೆಟ್ಟಿನ ಬಳೆಗಳು ಬರೆಯಲು ಚೆನ್ನಾಗಿವೆ ಎಂಬ ಒಂದೇ ಕಾರಣಕ್ಕೆ ನಾನು ಅದನ್ನು ಬರೆದಿದ್ದೆ. ಅದೇ ಪುಟದ ಕೆಳಗಿನ ಚೌಕಟ್ಟಿನಲ್ಲಿ, ದ್ರಾವಣ ಹದವಾಗಿದೆಯೇ ಎಂದು ನೋಡಲು ತಿಕ್ಕಿ ಬೆಳ್ಳಗಾಗಿಸಿದ ಚಾಕುವನ್ನು ಅದ್ದುವ ಚಿತ್ರವಿದೆ. ಅಲಗು ಕೆಂಪಗಾದರೆ ತಾಮ್ರ ಕಬ್ಬಿಣಕ್ಕೆ ಹತ್ತಿದೆಯೆಂದು ಅರ್ಥ, ಇನ್ನಷ್ಟು ಸುಣ್ಣ ಹಾಕಬೇಕು. ಚಾಕುವಿಗೆ ಆಗುವುದು ಬಕೆಟ್ಟಿಗೂ ಆಗುತ್ತದೆಂಬುದು ನನ್ನ ಚಿತ್ರವೇ ಹೇಳುತ್ತಿದ್ದರೂ ನನಗೆ ಹೊಳೆದಿರಲಿಲ್ಲ. ಪ್ಲಾಸ್ಟಿಕ್ ಡ್ರಮ್ಮಿನ ಚಿತ್ರವನ್ನು ಚೀಟಿಗಳಲ್ಲಿ ಬರೆದು ಮುನ್ನೂರು ಪ್ರತಿಗಳಿಗೂ ಅಂಟಿಸಿದೆ. ಎರಡು ಬಣ್ಣದ ಮುದ್ರಣಕ್ಕೆ ದುಡ್ಡಿಲ್ಲದೆ ಕಪ್ಪಾಗಿಯೇ ಉಳಿದಿದ್ದ ಚಾಕುವಿನ ಅಲಗಿಗೂ ಹಾಗೆ ಅಂಟಿಸುವಾಗಲೇ ಕೆಂಪು ಪೆನ್ಸಿಲ್ ಬಳಿದೆ. ಆ ಅಂಟಿಸಿದ ಚೀಟಿಯನ್ನು ಉಗುರಿನಿಂದ ಎಬ್ಬಿಸಿ ಕೆಳಗಿನ ತಪ್ಪನ್ನು ನೋಡುವುದು ಕೆಲವು ಓದುಗರಿಗೆ ಕಥೆಗಿಂತ ಹೆಚ್ಚು ಖುಷಿ ಕೊಟ್ಟಿತೆಂದು ಕೇಳಿದ್ದೇನೆ.

ಪುಸ್ತಕ ಓದಿದವರು ಬಂದು ಕೇಳಿದ್ದು ಪಾತ್ರಗಳ ಮುಂದಿನ ಗತಿಯನ್ನಲ್ಲ, ಮುಂದಿನ ಕೆಲಸವನ್ನು: ಕೊನೆ ಇಳಿಸುವುದು, ಸುಲಿಯುವುದು, ಚೊಗರು (ಅಡಿಕೆ ಬೇಯಿಸಿದ ಕೆಂಪು ರಸ) ಹಾಕಿ ಬೇಯಿಸುವುದು, ಒಣಗಿಸಿ ರಾಶಿ, ಬೆಟ್ಟೆ, ಸರಕು, ಗೊರಬಲು ಎಂಬ ದರ್ಜೆಗಳಾಗಿ ಆರಿಸುವುದು ಯಾವಾಗ ಬರುತ್ತದೆ ಎಂದು. ಸದ್ಯ ಸುಲಿಯುವ ಅಧ್ಯಾಯದಲ್ಲಿದ್ದೇನೆ. ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಮುಂದೆ ಕುಳಿತವರ ಕೈಗಳನ್ನು ಬರೆಯಲು ನಮ್ಮ ಕೇರಿಯ ಅಜ್ಜಿಯೊಬ್ಬರನ್ನು, ಸ್ವಲ್ಪ ನಿಧಾನವಾಗಿ ಸುಲಿದು ತೋರಿಸಿ ಎಂದು ಬೇಡಿಕೊಂಡೆ. ಅವರು ಪ್ರಯತ್ನಿಸಿದರು, ನಿಧಾನ ಮಾಡಿದೊಡನೆ ಕತ್ತಿ ಕಾಯಿಯ ಮೇಲೆ ಜಾರತೊಡಗಿತು, ನಿಧಾನವಾಗಿ ಸುಲಿಯಲು ತನಗೆ ಬರುವುದೇ ಇಲ್ಲವೆಂದು ನಕ್ಕರು. ಕಡೆಗೆ ಮೊಬೈಲಿನಲ್ಲಿ ಚಿತ್ರೀಕರಿಸಿ, ಒಂದೊಂದೇ ಚಿತ್ರವನ್ನು ನಿಲ್ಲಿಸಿ ನೋಡುತ್ತಿದ್ದೇನೆ. ಒಂದು ಚಿತ್ರದಲ್ಲಿ ಕಾಯಿ ಇಡಿಯಾಗಿದೆ, ಅದರ ಮುಂದಿನದರಲ್ಲಿ ಸಿಪ್ಪೆ ಆಗಲೇ ಅವರ ಕಾಲ ಬಳಿ ಬಿದ್ದಿದೆ.