ಕಂಪನಿ ದಿವಾಳಿ: ನಿಮ್ಮ ಬಾಕಿ ಕೇಳುವುದು ಹೇಗೆ?

ಪೀಣ್ಯದ ಒಂದು ಸಣ್ಣ ವರ್ಕ್‌ಶಾಪ್ ಎಂದುಕೊಳ್ಳಿ. ದೊಡ್ಡ ಕಂಪನಿಯೊಂದರಿಂದ ಹನ್ನೊಂದು ಲಕ್ಷ ಬರಬೇಕು. ಫೋನ್ ಮಾಡಿದರೆ ಅಕೌಂಟ್ಸ್‌ನವರು ‘ಕಂಪನಿ ಎನ್‌ಸಿಎಲ್‌ಟಿಗೆ ಹೋಗಿದೆ ಸಾರ್’ ಅಂತಾರೆ. ಅಂದರೆ ಕಂಪನಿಯ ದಿವಾಳಿ ಕೇಸು ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಯ ಮುಂದಿದೆ. 2016ರ ದಿವಾಳಿ ಸಂಹಿತೆ, ಅಂದರೆ ಐಬಿಸಿ, ಬಂದ ಮೇಲೆ ಮೊದಲು ಓಡಿ ಹೋದವನಿಗೆ ಹಣ ಎಂಬ ಲೆಕ್ಕ ನಡೆಯುವುದಿಲ್ಲ. ಹಾಗಾದರೆ ಮಾಡಬೇಕಾದ್ದೇನು?

ಮೊದಲು, ನ್ಯಾಯಮಂಡಳಿ ದಿವಾಳಿ ಅರ್ಜಿಯನ್ನು ಅಂಗೀಕರಿಸಿದ ದಿನಾಂಕ ಹುಡುಕಿ. ಪ್ರಕಟಣೆ ಒಂದು ಇಂಗ್ಲಿಷ್, ಒಂದು ಸ್ಥಳೀಯ ಭಾಷೆಯ ಪತ್ರಿಕೆಯಲ್ಲಿ ಬರುತ್ತದೆ. ಆದರೆ ಕಂಪನಿಯ ನೋಂದಾಯಿತ ಕಚೇರಿ ಮುಂಬೈಯಲ್ಲಿದ್ದರೆ ಅದು ಮರಾಠಿ ಪತ್ರಿಕೆ ಆಗಿರಬಹುದು. ನಿಮ್ಮ ಕಣ್ಣಿಗೆ ಬೀಳುವುದು ಕಷ್ಟ. ದಿವಾಳಿ ಮಂಡಳಿ ಐಬಿಬಿಐನ ಜಾಲತಾಣದಲ್ಲಿ ಕಂಪನಿಯ ಹೆಸರು ಹಾಕಿ ನೋಡುವುದೇ ವಾಸಿ.

ಆ ದಿನದಿಂದ ಆಡಳಿತ ಮಂಡಳಿಯ ಅಧಿಕಾರ ಐಆರ್‌ಪಿ ಎಂಬ, ನ್ಯಾಯಮಂಡಳಿ ನೇಮಿಸಿದ ವೃತ್ತಿಪರರ ಕೈಗೆ ಹೋಗುತ್ತದೆ. ಕಂಪನಿಯ ಮೇಲಿನ ದಾವೆ, ಚೆಕ್ ಬೌನ್ಸ್ ಕೇಸು ಎಲ್ಲಕ್ಕೂ ತಡೆ. ಚೆಕ್‌ಗೆ ಸಹಿ ಹಾಕಿದ ನಿರ್ದೇಶಕರ ಮೇಲಿನ ಕೇಸು ಮಾತ್ರ ನಡೆಯುತ್ತದೆ. ಸುಪ್ರೀಂ ಕೋರ್ಟ್ 2021ರಲ್ಲೇ ಇದನ್ನು ಹೇಳಿದೆ. ಹಳೆಯ ಮಾಲೀಕರು ‘ಒಳಗೊಳಗೇ ಮುಗಿಸೋಣ’ ಅಂದರೆ ತಲೆಯಾಡಿಸಬೇಡಿ. 158 ಕೋಟಿ ಬಾಕಿಗಾಗಿ ಬಿಸಿಸಿಐ ಹಾಕಿದ ಅರ್ಜಿಯನ್ನು ನ್ಯಾಯಮಂಡಳಿಯ ಬೆಂಗಳೂರು ಪೀಠ 2024ರ ಜುಲೈನಲ್ಲಿ ಅಂಗೀಕರಿಸಿ ಆನ್‌ಲೈನ್ ಶಿಕ್ಷಣ ಕಂಪನಿ ಬೈಜೂಸ್ ಅನ್ನು ದಿವಾಳಿ ಪ್ರಕ್ರಿಯೆಗೆ ತಂದಿತು. ಆಮೇಲೆ ಆದ ರಾಜಿಗೆ ಮೇಲ್ಮನವಿ ಮಂಡಳಿ ಒಪ್ಪಿದರೂ ಸುಪ್ರೀಂ ಕೋರ್ಟ್ ಅಕ್ಟೋಬರ್‌ನಲ್ಲಿ ಆ ಆದೇಶವನ್ನು ರದ್ದು ಮಾಡಿತು.

ಇನ್ನು ಮುಖ್ಯ ಕೆಲಸ. ಐಆರ್‌ಪಿ ನೇಮಕವಾದ 14 ದಿನದೊಳಗೆ ‘ಫಾರ್ಮ್ ಬಿ’ ತುಂಬಿ ಅವರಿಗೇ ಕಳಿಸಿ. ಸಂಬಳ ಬಾಕಿಯಿರುವ ನೌಕರರಿಗೆ ‘ಫಾರ್ಮ್ ಡಿ’. ಶುಲ್ಕವಿಲ್ಲ. ಜತೆಗೆ ಪರ್ಚೇಸ್ ಆರ್ಡರ್, ಇನ್‌ವಾಯ್ಸ್, ಅವರ ಗೇಟಿನ ಸೀಲು ಬಿದ್ದ ಡೆಲಿವರಿ ಚಲನ್, ಇ-ವೇ ಬಿಲ್, ಜಿಎಸ್‌ಟಿ ರಿಟರ್ನ್, ಬ್ಯಾಂಕ್ ಸ್ಟೇಟ್‌ಮೆಂಟ್ ಇರಲಿ. ಅರ್ಜಿ ಅಂಗೀಕಾರವಾದ ದಿನಕ್ಕೆ ಎಷ್ಟು ಬಾಕಿ ಇತ್ತೋ ಅಷ್ಟೇ ಬರೆಯಿರಿ. ತಡವಾಗಿದ್ದರೂ ಕೈಬಿಡಬೇಡಿ, 90 ದಿನದವರೆಗೂ ಅವಕಾಶವಿದೆ. ‘ಹೇಗೂ ಬರಲ್ಲ’ ಎಂದು ಸುಮ್ಮನಿದ್ದವರ ಬಾಕಿ, ಕಂಪನಿಯನ್ನು ಮತ್ತೆ ನಿಲ್ಲಿಸುವ ಪರಿಹಾರ ಯೋಜನೆಗೆ ಮಂಜೂರಾತಿ ಸಿಕ್ಕ ದಿನವೇ ಅಳಿಸಿಹೋಗುತ್ತದೆ.

ನಿಮ್ಮ ಡೈ, ಅಚ್ಚುಗಳು ಅವರ ಶೆಡ್ಡಿನಲ್ಲಿವೆಯೇ? ತಡೆ ಇರುವಷ್ಟು ದಿನ ಎತ್ತಿಕೊಂಡು ಬರುವಂತಿಲ್ಲ. ಆದರೂ ಅವು ಕಂಪನಿಯ ಆಸ್ತಿಯಲ್ಲ. ಫೋಟೊ, ನಂಬರ್ ಸಮೇತ ಪಟ್ಟಿ ಮಾಡಿ ಐಆರ್‌ಪಿಗೆ ಇಮೇಲ್ ಮಾಡಿ.

ಹೊಸ ಆರ್ಡರ್ ಕೊಟ್ಟರೆ ಹೆದರಬೇಕಿಲ್ಲ, ಐಆರ್‌ಪಿ ಸಹಿಯಿರುವ ಪತ್ರ ಮಾತ್ರ ತಗೊಳ್ಳಿ. ಆ ಬಿಲ್ಲು ಪ್ರಕ್ರಿಯೆಯ ಖರ್ಚಿಗೆ ಸೇರುತ್ತದೆ, ಬ್ಯಾಂಕಿನವರಿಗಿಂತಲೂ ಮೊದಲು ಪಾವತಿಯಾಗುತ್ತದೆ. ಹಳೆ ಬಾಕಿಯ ಜತೆ ಬೆರೆಸದೆ ಲೆಡ್ಜರ್‌ನಲ್ಲಿ ಬೇರೆ ಪುಟ ಮಾಡಿ.

ಹಳೆ ಬಾಕಿ ಎಷ್ಟು ಬಂದೀತು? ಯೋಜನೆಗೆ ಮತ ಹಾಕುವವರು ಬ್ಯಾಂಕಿನಂಥ ಸಾಲ ಕೊಟ್ಟವರು, 66% ಒಪ್ಪಿದರೆ ಸಾಕು. ಮಾಲು ಕೊಟ್ಟವರಿಗೆ ಮತವಿಲ್ಲ. ಗಡುವು 330 ದಿನ ಎಂದು ಕಾಯ್ದೆಯಲ್ಲಿದೆ, ಅದು ಮೀರುವುದೇ ಹೆಚ್ಚು. ಹನ್ನೊಂದು ಲಕ್ಷವನ್ನು ನಂಬಿ ಈ ವರ್ಷ ಹೊಸ ಮೆಷಿನ್‌ಗೆ ಅಡ್ವಾನ್ಸ್ ಕೊಡಬೇಡಿ.