ಒಂದೇ ಹೊಳೆಗೆ ನಾನೂ ಕರಡಿಯೂ

ನಮ್ಮೂರು ಕಮಲಾಪುರದ ಹತ್ತಿರ. ಹಂಪಿ ನೋಡಲು ಬಂದವರು ದರೋಜಿ ಕರಡಿಧಾಮಕ್ಕೂ ಹೋಗಿ ಬರುತ್ತಾರಲ್ಲ, ಆ ಕಡೆ. 1994ರಲ್ಲಿ ಅದು ಕರಡಿಧಾಮ ಆಗುವುದಕ್ಕೂ ಮೊದಲೇ ಆ ಬಂಡೆಗಳ ಸಂದಿಯಲ್ಲಿ ಕರಡಿಗಳಿದ್ದವು. ಬೆಳಗಿನ ಜಾವ ಹೊಲಕ್ಕೆ ಹೊರಟರೆ ನಮ್ಮ ತಾತ ದಾರಿಯುದ್ದಕ್ಕೂ ಕೆಮ್ಮುತ್ತಾ ಹೋಗುತ್ತಿದ್ದರು. ನೆಗಡಿಯೂ ಇಲ್ಲ, ಬೀಡಿ ಚಟವೂ ಇಲ್ಲ. ಮನುಷ್ಯ ಬರ್ತಿದ್ದಾನೆ ಅಂತ ಕರಡಿಗೆ ಮೊದಲೇ ಗೊತ್ತಾಗಲಿ ಅಂತ ಅಷ್ಟೇ.

ಗಾಳ ಹಾಕೋದು ಕಲಿತದ್ದು ಅಲ್ಲಿಯ ಕಾಲುವೆಯಲ್ಲಿ. ಒಂದು ಬಿದಿರು ಕಡ್ಡಿ, ನೈಲಾನ್ ದಾರ, ಎರೆಹುಳ. ಸಿಕ್ಕರೆ ಜಿಲೇಬಿ ಮೀನು, ಅದೃಷ್ಟ ಚೆನ್ನಾಗಿದ್ದರೆ ಕೊರಮೀನು. ಹಾವಿಗೆ ಹೆದರಿದ್ದೇನೆ, ಅಪ್ಪನ ಬೈಗುಳಕ್ಕೆ ಹೆದರಿದ್ದೇನೆ. ಆದರೆ ನೀರಿನ ದಂಡೆಯಲ್ಲಿ ಕೂತಾಗ ಕರಡಿಯ ಯೋಚನೆ ಒಂದು ದಿನವೂ ಬಂದಿಲ್ಲ. ಯಾಕೆಂದರೆ ನಮ್ಮ ಕರಡಿಗೆ ಬೇಕಾದದ್ದು ಗೆದ್ದಲು, ಇರುವೆ, ಜೇನು, ಬಾರೆಹಣ್ಣು. ಮೀನಿನ ಗೊಡವೆ ಅದಕ್ಕಿಲ್ಲ. ನದಿಯಲ್ಲಿ ಬಲೆ ಹಾಕುವವರ ಮೀನು ಕದಿಯುತ್ತಿದ್ದದ್ದು ನೀರುನಾಯಿ.

ಈಗ ಆರು ವರ್ಷದಿಂದ ಅಲಾಸ್ಕಾದ ಆಂಕರೇಜ್‌ನಲ್ಲಿದ್ದೇನೆ. ಇಲ್ಲಿಯ ಕಂದು ಕರಡಿ ಹೊಳೆಗೆ ಬರೋದೇ ಮೀನಿಗೆ. ನಾನೂ ಅದಕ್ಕೇ ಹೋಗುತ್ತೇನೆ. ಅದೇ ಹೊಳೆ, ಅದೇ ತಿಂಗಳು, ಅದೇ ಮೀನು. ಊರಲ್ಲಿ ಕಲಿತದ್ದರಲ್ಲಿ ಅರ್ಧ ಇಲ್ಲಿ ಕೆಲಸಕ್ಕೆ ಬರಲ್ಲ ಅಂತ ಅರ್ಥವಾಗೋಕೆ ಒಂದು ಬೇಸಿಗೆ ಹಿಡಿಯಿತು.

ನಾವು ಹೋಗುವ ಜಾಗ ಕೀನೈ ಪರ್ಯಾಯ ದ್ವೀಪದ ರಷ್ಯನ್ ರಿವರ್. ಆಂಕರೇಜ್‌ನಿಂದ ಸುಮಾರು 160 ಕಿಲೋಮೀಟರ್, ಕೂಪರ್ ಲ್ಯಾಂಡಿಂಗ್ ಎಂಬ ಸಣ್ಣ ಊರು ದಾಟಿದ ಮೇಲೆ. ಆ ಹೊಳೆ ಬಂದು ಕೀನೈ ನದಿಗೆ ಸೇರುತ್ತದೆ. ಕೀನೈ ನೀರು ಹಿಮನದಿಯದ್ದು, ಹಾಲು ಬೆರೆಸಿದ ಹಸಿರು ಬಣ್ಣ. ರಷ್ಯನ್ ರಿವರ್ ಮಾತ್ರ ತಿಳಿ. ಕಲ್ಲಿನ ಮೇಲೆ ಸಾಲಾಗಿ ನಿಂತ ಸಾಕೈ ಸಾಮನ್ ಎಂಬ ಮೀನುಗಳು ಕಣ್ಣಿಗೇ ಕಾಣುತ್ತವೆ. ಕೀನೈ ನದಿಯ ಆಚೆ ದಡಕ್ಕೆ ದಾಟಿಸಲು ಒಂದು ದೋಣಿ ಇದೆ, ತಂತಿಗೆ ಕಟ್ಟಿದ್ದು, ಇಂಜಿನ್ ಇಲ್ಲ. ನೀರಿನ ಸೆಳೆತವೇ ಅದನ್ನು ಆಚೆಗೆ ತಳ್ಳುತ್ತದೆ. ಜೂನ್ 11ಕ್ಕೆ ಹಂಗಾಮು ಶುರು. ಆ ದಿನ ಜಾತ್ರೆ. ಮೊಳಕೈಗೆ ಮೊಳಕೈ ತಾಗುವ ಹಾಗೆ ಜನ ನಿಂತಿರುತ್ತಾರೆ.

ಮೊದಲ ಸಲ ಕರೆದುಕೊಂಡು ಹೋದವರು ನನ್ನ ಜೊತೆ ಕೆಲಸ ಮಾಡುವ ಒಬ್ಬ ಹಿರಿಯರು. ಫಿಲಿಪೀನ್ಸ್ ಮೂಲದವರು, ಇಲ್ಲಿಗೆ ಬಂದು ಮೂವತ್ತು ವರ್ಷದ ಮೇಲಾಗಿದೆ. ನನ್ನ ಮಗಳು ಅವರನ್ನು ಮೀನಿನ ತಾತ ಅನ್ನುತ್ತಾಳೆ. "ಎರೆಗೆ ಏನು ತರಲಿ?" ಅಂತ ಕೇಳಿದ್ದೆ. ನಕ್ಕುಬಿಟ್ಟರು. ಮೊಟ್ಟೆ ಇಡೋಕೆ ಹೊಳೆಗೆ ಬಂದ ಸಾಕೈ ಏನೂ ತಿನ್ನಲ್ಲವಂತೆ. ಗಾಳಕ್ಕೆ ಬಣ್ಣದ ಕೂದಲು ಕಟ್ಟಿ ಮಾಡಿದ ಒಂದು ನಕಲಿ ನೊಣ, ಅದಕ್ಕಿಂತ 18 ಇಂಚು ಮೇಲೆ ಸೀಸ. ದಾರವನ್ನು ಮೀನಿನ ಬಾಯಿಯ ಮುಂದೆ ತೇಲಿಸಬೇಕು, ಬಾಯಲ್ಲಿ ಸಿಕ್ಕಿದ ಗಳಿಗೆ ಎಳೆಯಬೇಕು. ಬಾಯಿ ಬಿಟ್ಟು ಬೆನ್ನಿಗೋ ಬಾಲಕ್ಕೋ ಚುಚ್ಚಿಕೊಂಡರೆ ಬಿಟ್ಟುಬಿಡಬೇಕು, ಅದು ಕಾನೂನು. ದಿನಕ್ಕೆ ಸಾಮಾನ್ಯವಾಗಿ ಮೂರೇ ಮೀನು.

ಕರಡಿ ಬಗ್ಗೆ ಅಮ್ಮ ಫೋನಿನಲ್ಲೇ ಪಾಠ ಮಾಡಿದ್ದಳು. "ಕರಡಿ ಮೈಮ್ಯಾಲೆ ಬಂದ್ರ ಮೊದ್ಲು ಮಾರಿ ಮುಚ್ಕೋ. ಅದು ಮಾರಿಗೇ ಬರ್ತೈತಿ." ನಮ್ಮ ಕಡೆ ಮುಖದ ಮೇಲೆ ಕರಡಿಯ ಗಾಯ ಇರುವವರನ್ನು ನೋಡಿ ಬೆಳೆದವಳು ಅವಳು. ತಮಾಷೆ ಅಂದರೆ ಇಲ್ಲಿಯವರು ಹೇಳಿಕೊಡುವುದೂ ಹೆಚ್ಚುಕಮ್ಮಿ ಅದನ್ನೇ. ಕಂದು ಕರಡಿ ಹೆದರಿ ಮೈಮೇಲೆ ಬಿದ್ದರೆ ಬೋರಲು ಮಲಗು, ಕಾಲು ಅಗಲಿಸು, ಕುತ್ತಿಗೆಯ ಹಿಂದೆ ಕೈ ಹೆಣೆದುಕೋ, ಅಲ್ಲಾಡಬೇಡ. ಇಲ್ಲಿಯ ಇನ್ನೊಂದು ಜಾತಿ, ಕಪ್ಪು ಕರಡಿಯಾದರೆ ಮಲಗಬೇಡ, ಕೈಗೆ ಸಿಕ್ಕಿದ್ದರಲ್ಲಿ ಹೊಡಿ. ಯಾವುದಕ್ಕೂ ಓಡಬೇಡ. ಅದು ಗಂಟೆಗೆ 50 ಕಿಲೋಮೀಟರ್‌ಗಿಂತ ಜಾಸ್ತಿ ಓಡುತ್ತದೆ. ನಾವು ನೀರಿಗಿಳಿಯಲು ಹಾಕುವ ಎದೆಮಟ್ಟದ ದಿರಿಸು, ವೇಡರ್, ಹಾಕಿಕೊಂಡು ಉರುಟು ಕಲ್ಲಿನ ಮೇಲೆ ಎಷ್ಟು ಓಡಿಯೇವು?

ಎರಡನೇ ಸಲ ಹೋದಾಗಲೇ ಎಡವಟ್ಟಾಯಿತು. ಜುಲೈ ಕೊನೆ, ಎರಡನೇ ಗುಂಪಿನ ಮೀನು ಬರುವ ಸಮಯ. ರಾತ್ರಿ ಹತ್ತು ಗಂಟೆ ಆಗಿತ್ತು, ಆದರೂ ಬೆಳಕಿತ್ತು. ಜನ ಕಡಿಮೆಯಾಗಿದ್ದರು, ಮೀನು ಚೆನ್ನಾಗಿ ಬೀಳುತ್ತಿತ್ತು. ಎರಡು ಹಿಡಿದಾಗಿತ್ತು. ಅವನ್ನು ಕಿವಿರಿನಲ್ಲಿ ಹಗ್ಗ ಪೋಣಿಸಿ ದಡದ ಬೇರಿಗೆ ಕಟ್ಟಿ ನೀರಲ್ಲಿ ಬಿಟ್ಟಿದ್ದೆ. ಊರಲ್ಲೂ ಹಾಗೇ ಮಾಡ್ತಿದ್ದೆ, ಮೀನು ತಾಜಾ ಇರುತ್ತೆ ಅಂತ. ಆಮೇಲೆ ಇನ್ನೂ ಒಳ್ಳೆ ಜಾಗ ಹುಡುಕುತ್ತಾ ಒಂದೊಂದೇ ಹೆಜ್ಜೆ ಮೇಲಕ್ಕೆ ಹೋಗಿದ್ದೆ. ಕಟ್ಟಿದ ಮೀನು ಇಪ್ಪತ್ತು ಇಪ್ಪತ್ತೈದು ಹೆಜ್ಜೆ ಹಿಂದೆ ಉಳಿದಿತ್ತು. ಬ್ಯಾಗೂ ಅಲ್ಲೇ, ಅದರೊಳಗೆ ಹೆಂಡತಿ ಕಟ್ಟಿಕೊಟ್ಟ ಚಿತ್ರಾನ್ನ.

ಮೂರನೇ ಮೀನು ಸಿಕ್ಕಿತು. ಗಾಳ ತಾಗಿದ ಸಾಕೈ ಸುಮ್ಮನಿರಲ್ಲ. ನೀರಿನಿಂದ ಮೇಲಕ್ಕೆ ಹಾರಿ ಪಟಪಟ ಅಂತ ಬಾಲ ಬಡಿಯುತ್ತದೆ. ನನ್ನ ಕಿವಿಗೆ ಅದು ಸಂಭ್ರಮ. ಪೊದೆಯೊಳಗೆ ಕೂತವರಿಗೆ ಅದು ಊಟದ ಗಂಟೆ ಅಂತ ಆಗ ಗೊತ್ತಿರಲಿಲ್ಲ. ಕೆಳಗಡೆಯಿಂದ ಯಾರೋ "ಬೇರ್!" ಅಂದರು. ಆ ಕೂಗು ಒಬ್ಬರಿಂದ ಒಬ್ಬರಿಗೆ ಹೊಳೆಯುದ್ದಕ್ಕೂ ಬಂತು.

ಆಲ್ಡರ್ ಪೊದೆಯಿಂದ ಮೊದಲು ಬಂದದ್ದು ಮರಿ. ಅದರ ಹಿಂದೆ ತಾಯಿ. ಒದ್ದೆ ಕಂಬಳಿ ಹೊದ್ದ ಎಮ್ಮೆಯಷ್ಟು ದೊಡ್ಡದು, ಹೆಗಲ ಮೇಲೆ ಗೂನು. ಹೆಜ್ಜೆ ಇಟ್ಟರೆ ಶಬ್ದವೇ ಇಲ್ಲ, ಅದೇ ನನಗೆ ಜಾಸ್ತಿ ಹೆದರಿಕೆ ಆದದ್ದು. ಪಕ್ಕದಿಂದ ಮೀನಿನ ತಾತ ಮೆಲ್ಲಗೆ ಅಂದರು, "ದಾರ ಕತ್ತರಿಸು." ನಾನು ಕತ್ತರಿಸಲಿಲ್ಲ. ಒಳ್ಳೆ ಮೀನು ಕಣ್ರೀ, ಮೂರು ಕಿಲೋ ಇತ್ತು. ರೀಲ್ ಸುತ್ತುತ್ತಲೇ ಇದ್ದೆ. ಅವರೇ ಕೈ ಚಾಚಿ ನನ್ನ ದಾರಕ್ಕೆ ಕತ್ತರಿ ಹಾಕಿದರು. ನೀರು ತಟ್ಟನೆ ಸುಮ್ಮನಾಯಿತು.

ಅಷ್ಟರಲ್ಲಿ ಕರಡಿ ನನ್ನ ಹಗ್ಗದ ಹತ್ತಿರ ಬಂದಾಗಿತ್ತು. ನನ್ನ ಬುದ್ಧಿಗೆ ಏನಾಯಿತೋ, ಮೀನು ಹೋಗುತ್ತಲ್ಲಾ ಅಂತ ಎರಡು ಹೆಜ್ಜೆ ಆ ಕಡೆ ಇಟ್ಟೆ. ತಾತ ಹಿಂದಿನಿಂದ ವೇಡರ್ ಪಟ್ಟಿ ಹಿಡಿದು ಎಳೆದರು. ನಾವು ಐದಾರು ಜನ ಒಟ್ಟಾಗಿ, ಮುಖ ಕರಡಿಯ ಕಡೆಗೇ ಇಟ್ಟುಕೊಂಡು, ಹಿಂದಕ್ಕೆ ಹಿಂದಕ್ಕೆ ಸರಿದೆವು. ಅದು ನಮ್ಮನ್ನು ಒಂದು ಸಲ ನೋಡಿತು. ಮೂಗಿನಿಂದ ಹೂಂಕಾರ, ಆಮೇಲೆ ದವಡೆ ಕಟಕ್ ಕಟಕ್ ಅಂತ ಕಡಿದ ಸದ್ದು. ಅದು ಕೋಪಕ್ಕಿಂತ ಹೆಚ್ಚಾಗಿ ಗಾಬರಿಯ ಸದ್ದಂತೆ, ದೂರ ಇರಿ ಅನ್ನೋ ಮಾತು. ಬೇರಿಗೆ ಕಟ್ಟಿದ್ದ ಹಗ್ಗ ಒಂದೇ ಎಳೆತಕ್ಕೆ ಬಂತು. ಎರಡೂ ಮೀನು, ಹಗ್ಗ, ಕೊಂಡಿ ಎಲ್ಲ ಕಚ್ಚಿಕೊಂಡು ಪೊದೆಯೊಳಗೆ ಹೋಯಿತು. ಮರಿ ಮಾತ್ರ ನಿಂತು ನನ್ನ ಬ್ಯಾಗಿಗೆ ಮೂಗಿಟ್ಟಿತು, ಬೆಲ್ಟ್ ಹಿಡಿದು ನಾಲ್ಕು ಮಾರು ಎಳೆಯಿತು, ತಾಯಿ ಗುರ್ ಅಂದ ಮೇಲೆ ಬಿಟ್ಟು ಓಡಿತು. ಚಿತ್ರಾನ್ನ ಉಳಿಯಿತು. ತಿನ್ನುವ ಮನಸ್ಸು ಯಾರಿಗೂ ಇರಲಿಲ್ಲ.

ತಾತ ಕಾರಿನವರೆಗೂ ಮಾತಾಡಲಿಲ್ಲ. ಕಾರಿನಲ್ಲಿ ಕೂತ ಮೇಲೆ ಅಂದರು, "ನಿನ್ನ ಮೀನು ಹೋದದ್ದಕ್ಕೆ ಬೇಜಾರಿಲ್ಲ. ಆ ಮರಿ ಇವತ್ತು ಏನು ಕಲಿತು ಹೇಳು." ಜನರ ಹತ್ತಿರ ಹೋದರೆ ಸುಲಭದ ಮೀನು ಸಿಗುತ್ತೆ ಅಂತ ಕಲಿತ ಕರಡಿ ಆಮೇಲೆ ಜನರ ಹಿಂದೆಯೇ ಬರುತ್ತದೆ, ಕೊನೆಗೆ ಗುಂಡಿಗೆ ಬಲಿಯಾಗುತ್ತದೆ. ನನಗೆ ದರೋಜಿ ನೆನಪಾಯಿತು. ಅಲ್ಲಿ ಮಧ್ಯಾಹ್ನ ಬಂಡೆಗೆ ಬೆಲ್ಲದ ಪಾಕ ಸವರುತ್ತಾರೆ. ಕರಡಿಗಳು ಇಳಿದು ಬಂದು ನೆಕ್ಕುತ್ತವೆ, ನಾವು ದೂರದ ಗೋಪುರದಿಂದ ನೋಡಿ ಖುಷಿಪಡುತ್ತೇವೆ. ಬಂಡೆಗೂ ಜನಕ್ಕೂ ನಡುವೆ ಅಲ್ಲಿ ಅಷ್ಟು ದೂರ ಇದೆ. ಇಲ್ಲಿ ನನ್ನ ಮೀನಿಗೂ ನನಗೂ ನಡುವೆಯೇ ನಾನು ಕರಡಿಗೆ ಜಾಗ ಮಾಡಿಕೊಟ್ಟಿದ್ದೆ.

ಅವತ್ತಿನಿಂದ ನನ್ನ ರೀತಿ ಬದಲಾಯಿತು. ಆ ಹೊಳೆಯಲ್ಲಿ ಊಟದ ಬ್ಯಾಗು ನಮ್ಮಿಂದ ಮೂರು ಅಡಿಯೊಳಗೇ ಇರಬೇಕು ಅಂತ ನಿಯಮವೇ ಇದೆ. ಅದನ್ನು ಫಲಕದಲ್ಲಿ ಓದಿದ್ದೆ, ಲಗೇಜಿನ ನಿಯಮದ ಹಾಗೆ ಓದಿ ಮರೆತಿದ್ದೆ. ಈಗ ಬ್ಯಾಗ್ ಬೆನ್ನಿನಿಂದ ಇಳಿಸೋದೇ ಇಲ್ಲ. ಮೀನನ್ನು ಹಗ್ಗಕ್ಕೆ ಪೋಣಿಸಿ ಬಿಡೋದೂ ಇಲ್ಲ. ಹಿಡಿದ ತಕ್ಷಣ ತಲೆಗೆ ಒಂದು ಪೆಟ್ಟು, ಕಿವಿರು ಕೊಯ್ದು ರಕ್ತ ಹರಿಯುವ ನೀರಿಗೆ, ಆಮೇಲೆ ದಪ್ಪ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬ್ಯಾಗಿಗೆ. ಹೊಳೆಯಲ್ಲೇ ಹೆಚ್ಚುವವರು ತಲೆ, ಮೂಳೆ ಎಲ್ಲವನ್ನೂ ಸಣ್ಣ ಸಣ್ಣ ತುಂಡು ಮಾಡಿ ಸೆಳೆತ ಇರುವ ಕಡೆ ಎಸೆಯಬೇಕು. ದಡದಲ್ಲಿ ಇಡೀ ಅಸ್ಥಿಪಂಜರ ಬಿಟ್ಟು ಹೋಗುವವರನ್ನು ಕಂಡರೆ ಈಗ ನನಗೆ ಸಿಟ್ಟು ಬರುತ್ತದೆ. ನನಗಂತೂ ಇಡೀ ಮೀನು ಮನೆಗೆ ತರೋದೇ ವಾಸಿ.

ದಾರ ಕತ್ತರಿಸೋದಕ್ಕೆ ಮನಸ್ಸು ಗಟ್ಟಿ ಮಾಡಿಕೊಳ್ಳೋದು ಮಾತ್ರ ಕಷ್ಟವಾಯಿತು. ಈಗ ಒಂದು ಸಣ್ಣ ಕತ್ತರಿ ಎದೆಯ ಮೇಲೆ ನೇತಾಡುತ್ತಿರುತ್ತದೆ. "ಬೇರ್" ಅಂತ ಕೇಳಿಸಿದರೆ ಸಾಕು, ಮೀನು ಎಷ್ಟು ದೊಡ್ಡದಿದ್ದರೂ ಕಚಕ್.

ಎದೆಯ ಮೇಲೆ ಇನ್ನೊಂದು ವಸ್ತು, ಮೈಮೇಲೆ ಬರುವ ಕರಡಿಯ ಮುಖಕ್ಕೆ ಹೊಡೆಯುವ ಖಾರದ ಸ್ಪ್ರೇ. ಬ್ಯಾಗಿನೊಳಗೆ ಇಟ್ಟರೆ ಅದು ಇದ್ದೂ ಇಲ್ಲದಂತೆ. ಒಂದು ಡಬ್ಬಿಯಲ್ಲಿ ಏಳೆಂಟು ಸೆಕೆಂಡಿನಷ್ಟು ಮಾತ್ರ ಇರುತ್ತದೆ, ಎಂಟೊಂಬತ್ತು ಮೀಟರ್ ದೂರ ಹೋಗುತ್ತದೆ. ಅವಧಿ ಮುಗಿದದ್ದೊಂದನ್ನು ಖಾಲಿ ಮೈದಾನದಲ್ಲಿ ಒತ್ತಿ ನೋಡೋಣ ಅಂತ ಹೋದೆ. ಗಾಳಿ ಯಾವ ಕಡೆ ಅಂತ ನೋಡಿರಲಿಲ್ಲ. ಒಗ್ಗರಣೆಯ ಘಾಟಿನಲ್ಲಿ ಬೆಳೆದವನು ನಾನು, ನನಗೇನು ಅಂದುಕೊಂಡಿದ್ದೆ. ಇದು ಬ್ಯಾಡಗಿ ಅಲ್ಲ ಸ್ವಾಮಿ, ಗುಂಟೂರೂ ಅಲ್ಲ. ಅರ್ಧ ಗಂಟೆ ಹುಲ್ಲಿನ ಮೇಲೆ ಕೂತು ಅತ್ತೆ. ಆದರೆ ಪಾಠ ಆಯಿತು. ಈಗ ಹೊಳೆಗೆ ಇಳಿಯುವಾಗ ಮೊದಲು ಗಾಳಿ ನೋಡುತ್ತೇನೆ. ಇನ್ನೊಂದು ವಿಷಯ, ಇದನ್ನು ಸೊಳ್ಳೆ ಔಷಧಿ ಹಾಗೆ ಮೈಗೆ, ಟೆಂಟಿಗೆ ಹಚ್ಚುವವರಿದ್ದಾರೆ. ದಯವಿಟ್ಟು ಬೇಡ. ವಿಮಾನದಲ್ಲೂ ಒಯ್ಯುವ ಹಾಗಿಲ್ಲ, ಇಲ್ಲಿಗೆ ಬಂದೇ ಕೊಳ್ಳಬೇಕು.

ಸದ್ದಿನ ವಿಷಯದಲ್ಲಿ ಮಾತ್ರ ಊರಿನ ತಾತನ ಕೆಮ್ಮೇ ಗೆದ್ದಿತು. ಬೂಟಿಗೆ ಗೆಜ್ಜೆ ಕಟ್ಟಿಕೊಂಡು ಓಡಾಡುವ ಪ್ರವಾಸಿಗರಿದ್ದಾರೆ. ಹೊಳೆಯ ಮೊರೆತದಲ್ಲಿ ಆ ಗೆಜ್ಜೆ ಅವರಿಗೇ ಕೇಳಿಸಲ್ಲ. ಬಾಯಿ ಬಿಟ್ಟು ಮಾತಾಡಬೇಕು, ಅದೂ ತಿರುವು ಬಂದಾಗ, ಪೊದೆ ದಟ್ಟವಾದಾಗ. ಇಲ್ಲಿಯವರು "ಹೇ ಬೇರ್" ಅನ್ನುತ್ತಾರೆ. ನನಗೆ ಆ ಎರಡು ಪದ ಎಷ್ಟು ಸಲ ಅನ್ನೋದು ಅಂತ ಬೇಸರ ಬಂತು. ಕನ್ನಡದಲ್ಲೇ ಶುರು ಮಾಡಿದೆ. "ಬಂದ್ವಿ ನೋಡಪ್ಪಾ, ದಾರಿ ಬಿಡು."

ಕರಡಿಯನ್ನೇ ಹೇಳುತ್ತಾ ಹೋದರೆ ಮೂಸ್ ಬೇಜಾರು ಮಾಡಿಕೊಂಡೀತು. ನಮ್ಮ ಕಡವೆಯ ಎರಡರಷ್ಟು ತೂಕದ ಪ್ರಾಣಿ, ಉದ್ದ ಕಾಲು, ಮುಖ ನೋಡಿದರೆ ಪಾಪ ಅನ್ನಿಸುತ್ತದೆ. ಅಲಾಸ್ಕಾದಲ್ಲಿ ವರ್ಷಕ್ಕೆ ಕರಡಿಯಿಂದ ಗಾಯಗೊಳ್ಳುವವರಿಗಿಂತ ಮೂಸ್‌ನಿಂದ ಗಾಯಗೊಳ್ಳುವವರೇ ಜಾಸ್ತಿ. ಒಂದು ಬೆಳಿಗ್ಗೆ ಕಾರಿನ ಹತ್ತಿರವೇ ಒಂದು ಮೂಸ್ ಕರುವಿನ ಜೊತೆ ನಿಂತಿತ್ತು. ಕಿವಿ ಹಿಂದಕ್ಕೆ ಮಡಚಿ, ಕುತ್ತಿಗೆಯ ಕೂದಲು ನಿಮಿರಿಸಿತು. ಇಲ್ಲಿ ಲೆಕ್ಕ ಉಲ್ಟಾ. ಕರಡಿಗೆ ಓಡಬಾರದು, ಮೂಸ್‌ಗೆ ಓಡಲೇಬೇಕು, ಓಡಿ ಮರದ ಹಿಂದೆ ಸೇರಬೇಕು. ಸ್ಪ್ರೂಸ್ ಮರ ತಬ್ಬಿಕೊಂಡು ಮುಕ್ಕಾಲು ಗಂಟೆ ನಿಂತಿದ್ದೆ. ಉಳಿದಂತೆ ಬಿಳಿ ತಲೆಯ ಹದ್ದು ಮರದ ಮೇಲಿಂದ ನೋಡುತ್ತಿರುತ್ತದೆ, ಕಡಲಕ್ಕಿಗಳು ಜಗಳವಾಡುತ್ತಿರುತ್ತವೆ. ಸೊಳ್ಳೆಯನ್ನು ವನ್ಯಜೀವಿ ಅಂತ ಲೆಕ್ಕ ಹಾಕಿದರೆ ಅದರದ್ದೇ ದೊಡ್ಡ ಕಾಟ.

ಕಳೆದ ಬೇಸಿಗೆ ಒಂದು ರಾತ್ರಿ ನಾನೂ ಮೀನಿನ ತಾತನೂ ಮೂರು ಮೂರು ಮೀನು ಹೊತ್ತು ಕಾಲುದಾರಿಯಲ್ಲಿ ವಾಪಸ್ ಬರುತ್ತಿದ್ದೆವು. ಅರ್ಧ ತಿಂದ ಮೀನೊಂದು ದಾರಿಯಲ್ಲಿ ಬಿದ್ದಿತ್ತು, ರಕ್ತ ಇನ್ನೂ ಒಣಗಿರಲಿಲ್ಲ. ನಿಂತೆವು. ಸ್ಪ್ರೇಯ ಪಿನ್ ತೆಗೆದೆ. ಮೂವತ್ತು ಹೆಜ್ಜೆ ಮುಂದೆ ಕಪ್ಪು ಕರಡಿ, ತಲೆ ಎತ್ತಿ ನಮ್ಮನ್ನೇ ನೋಡುತ್ತಿತ್ತು. ಗಂಟಲು ಒಣಗಿದ್ದರಿಂದಲೋ ಏನೋ, ನನಗೆ ಮೊದಲು ಬಂದದ್ದು ಕೆಮ್ಮು. ಆಮೇಲೆ "ಊಟ ಆಯ್ತಲ್ಲ, ಹೋಗಪ್ಪಾ" ಅಂದೆ. ಅದು ಸ್ವಲ್ಪ ಹೊತ್ತು ಮೂಗು ಮೇಲೆತ್ತಿ ಗಾಳಿ ಹಿಡಿಯಿತು, ಆಮೇಲೆ ಪೊದೆಗೆ ಇಳಿಯಿತು. ನಾವು ಅದು ಹೋದ ಕಡೆ ಹೋಗದೆ ಸುತ್ತಿಕೊಂಡು ಬಂದೆವು. "ಅದಕ್ಕೆ ಏನು ಹೇಳಿದೆ?" ಅಂತ ತಾತ ಕಾರಿನವರೆಗೂ ಕೇಳುತ್ತಲೇ ಇದ್ದರು.

ಮನೆಗೆ ಬಂದ ಮೇಲೂ ಕರಡಿ ಲೆಕ್ಕ ಮುಗಿಯಲ್ಲ. ಆಂಕರೇಜ್‌ನಲ್ಲಿ ಕಸದ ಡಬ್ಬಿ ಹುಡುಕಿಕೊಂಡು ಕರಡಿ ಬೀದಿಗೇ ಬರುತ್ತವೆ. ಅದಕ್ಕೆ ಮೀನಿನ ತಲೆ, ಕರುಳು ಎಲ್ಲ ಚೀಲದಲ್ಲಿ ಕಟ್ಟಿ ಫ್ರೀಜರ್‌ನಲ್ಲಿ ಇಡುತ್ತೇನೆ. ಕಸದ ಗಾಡಿ ಬರುವ ದಿನ ಬೆಳಿಗ್ಗೆಯೇ ಹೊರಗೆ ಹಾಕೋದು. ಭಾನುವಾರ ಹಿಡಿದ ಮೀನು, ಗುರುವಾರದ ಗಾಡಿ. ನಡುವೆ ಚಟ್ನಿಗೆ ಕೊಬ್ಬರಿ ಹುಡುಕುತ್ತಾ ಫ್ರೀಜರ್ ಬಾಗಿಲು ತೆಗೆದ ಹೆಂಡತಿಗೆ ಮೊದಲು ಕಾಣೋದು ಬಾಯಿ ತೆರೆದ ಆರು ತಲೆ. ಬೈಗುಳ ಪಕ್ಕದ ಮನೆಗೂ ಕೇಳಿಸುತ್ತದೆ. ಆ ಬೈಗುಳ ಕೇಳಿದ್ದಿದ್ದರೆ ಯಾವ ಕರಡಿಯೂ ನಮ್ಮ ಬೀದಿಗೆ ಬರುತ್ತಿರಲಿಲ್ಲ.