ಒಂದೇ ಕಿಟಕಿಯ ಹಿಂದೆ ಹೋದಾಗ

ಎಮಿಲಿ ಬ್ರಾಂಟೆಯ ‘ವದರಿಂಗ್ ಹೈಟ್ಸ್’ (1847) ಕಾದಂಬರಿಯನ್ನು ಮೊದಲ ಸಲ ಓದುವಾಗ ಪುಟದ ಅಂಚಿನಲ್ಲಿ ಅರ್ಥ ಬರೆಯುತ್ತಾ ಹೋದೆ. ಬಿರುಗಾಳಿ ಅಂದರೆ ಸಿಟ್ಟು. ಗುಡ್ಡದ ಮೇಲಿನ ಮನೆ ಅಂದರೆ ಒರಟುತನ. ತಗ್ಗಿನ ಥ್ರಷ್‌ಕ್ರಾಸ್ ಗ್ರೇಂಜ್ ಅಂದರೆ ನಯ, ನಾಜೂಕು. ಆರನೇ ಅಧ್ಯಾಯಕ್ಕೆ ಬಂದಾಗ ಈ ಅರ್ಥಗಳು ಕೈಕೊಟ್ಟವು. ಆ ನಾಜೂಕು ಮನೆಯವರ ನಾಯಿಯೇ ಗುಡ್ಡದ ಮನೆಯ ಪುಟ್ಟ ಹುಡುಗಿ ಕ್ಯಾಥರೀನಳ ಕಾಲು ಕಚ್ಚಿ ಹಿಡಿಯುತ್ತದೆ!

ಎರಡನೇ ಓದಿಗೆ ಅರ್ಥ ಬರೆಯೋದನ್ನೇ ಬಿಟ್ಟೆ. ಬಾಗಿಲು, ಗೇಟು, ಕಿಟಕಿ ಬಂದಲ್ಲೆಲ್ಲ ನೋಟ್‌ಬುಕ್ಕಿನಲ್ಲಿ ಮೂರೇ ವಿಷಯ ಗುರುತು ಹಾಕಿಕೊಂಡೆ: ತೆಗೆದವರು ಯಾರು, ಮುಚ್ಚಿದವರು ಯಾರು, ಹೊರಗೆ ಉಳಿದವರು ಯಾರು.

ಗುಡ್ಡದ ಮನೆಯ ಗೇಟಿನದು ಬೇಗ ತಿಳಿಯಿತು. ಶುರುವಿನಲ್ಲಿ ಅದಕ್ಕೆ ಸರಪಳಿ. ಗ್ರೇಂಜನ್ನು ಬಾಡಿಗೆಗೆ ಹಿಡಿದ ಲಾಕ್‌ವುಡ್ ಒಂದು ಸಲ ಹಾರಿಯೇ ಒಳಗೆ ಹೋಗಬೇಕಾಗುತ್ತದೆ. ಕೊನೆಗೆ, 1802ರ ಸೆಪ್ಟೆಂಬರ್‌ನಲ್ಲಿ, ಕೈಯಿಟ್ಟರೆ ಸಾಕು, ತೆರೆದುಕೊಳ್ಳುತ್ತದೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಕ್ಯಾಥರೀನಳ ಹಳೇ ಕೋಣೆಯ ಕಿಟಕಿ. ಅಲ್ಲಿ ಮಲಗಿದ ಲಾಕ್‌ವುಡ್‌ಗೆ ಫರ್ ಮರದ ಕೊಂಬೆ ಗಾಜಿಗೆ ಬಡಿಯುವ ಸದ್ದು ಕೇಳುತ್ತದೆ. ಕನಸಿನಲ್ಲಿ ಗಾಜು ಒಡೆದು ಕೈ ಚಾಚಿದರೆ ಸಿಗುವುದು ತಣ್ಣನೆಯ ಪುಟ್ಟ ಕೈ, ಸತ್ತುಹೋದ ಕ್ಯಾಥರೀನಳದು. ಒಳಗೆ ಬಿಡು ಅಂತ ಗೋಗರೆಯುವ ಆ ಕೈಯನ್ನು ಒಡೆದ ಗಾಜಿಗೆ ಉಜ್ಜುತ್ತಾನೆ. ಹಾಸಿಗೆಯೆಲ್ಲ ರಕ್ತ. ಆಮೇಲೆ ಆ ತೂತಿಗೆ ಪುಸ್ತಕ ಒಟ್ಟುತ್ತಾನೆ. ಇದನ್ನು ಓದಿ, ಕಿಟಕಿ ಅಂದರೆ ಅಡ್ಡಗೋಡೆ ಅಂತ ಬರೆಯಬೇಕು ಅನಿಸಿತು. ತಡೆದುಕೊಂಡೆ, ಒಳ್ಳೆಯದೇ ಆಯಿತು.

ಯಾಕಂದರೆ 28ನೇ ಅಧ್ಯಾಯದಲ್ಲಿ ಅವಳ ಮಗಳು ಅದೇ ಮನೆಯಲ್ಲಿ ಸೆರೆಯಾಗಿದ್ದಾಳೆ. ಬಾಗಿಲಿಗೆ ಹೋದರೆ ನಾಯಿಗಳು ಬೊಗಳುತ್ತವೆ. ಬೆಳಗಾಗುವ ಮೊದಲೇ ಅಮ್ಮನ ಕೋಣೆಯ ಕಿಟಕಿಯಿಂದ ಹೊರಬಂದು, ಪಕ್ಕದ ಫರ್ ಮರ ಹಿಡಿದು ಇಳಿದುಬಿಡುತ್ತಾಳೆ. ಅಮ್ಮ ಒಳಗೆ ಬರಲು ಅತ್ತ ಕಿಟಕಿಯಿಂದಲೇ ಮಗಳು ಪಾರಾಗುತ್ತಾಳೆ. ಲೇಖಕಿ ಇಲ್ಲಿ ಒಂದು ಮಾತೂ ವಿವರಿಸುವುದಿಲ್ಲ. ಮೊದಲ ಓದಿನಲ್ಲಿ ನಾನಿದನ್ನು ಸುಮ್ನೆ ದಾಟಿಹೋಗಿದ್ದೆ.

ಕ್ಯಾಥರೀನಳನ್ನು ಪ್ರೀತಿಸಿದ ಹೀತ್‌ಕ್ಲಿಫ್ ಸಾಯುವುದೂ ಅದೇ ಕಿಟಕಿಯ ಬಳಿ. ಕಿಟಕಿ ತೆರೆದಿದೆ, ಮಳೆ ನೇರ ಒಳಗೆ ಹೊಡೆಯುತ್ತಿದೆ. ಅವನ ಕೈ ಕಿಟಕಿಯ ಕಟ್ಟೆ ಮೇಲಿದೆ. ಗಾಳಿಗೆ ಬಡಿದ ಕಿಟಕಿ ಚರ್ಮ ತರಚಿದೆ, ಆದರೆ ರಕ್ತ ಬಂದಿಲ್ಲ. ತಕ್ಷಣ ಮೂರನೇ ಅಧ್ಯಾಯಕ್ಕೆ ಹಿಂದಿರುಗಿ ಆ ಹಾಸಿಗೆಯ ರಕ್ತದ ಸಾಲನ್ನು ಮತ್ತೆ ಓದಿದೆ.

ನೋಟ್‌ಬುಕ್ಕಿನಲ್ಲಿ ಆ ದಿನ ಬರೆದದ್ದು ಇಷ್ಟು: ಕಿಟಕಿ ಮುಚ್ಚಿದವಳು ಮನೆ ನೋಡಿಕೊಳ್ಳುವ ನೆಲ್ಲಿ. ಹೊರಗೆ ಉಳಿದವರು ಯಾರು ಎಂಬ ಜಾಗವನ್ನು ಖಾಲಿ ಬಿಟ್ಟೆ.